ಎಡಕ್ಕೆ ಕಾಕಾಡು

ಕತ್ತಲಿರುವಾಗಲೇ ಜೋಹಾನ್ಸ್‌ಬರ್ಗಿನ ಪಕ್ಕದ ಟೆಂಬಿಸಾ ಬಿಡಬೇಕೆಂದು ಪುಮ್ಲಾ ಹಿಂದಿನ ಸಂಜೆಯೇ ಎಲ್ಲವನ್ನೂ ಅಣಿ ಮಾಡಿದ್ದಳು. ದಾರಿಯ ಊಟಕ್ಕೆ ಕೋಳಿ ಹುರಿದು ಕಟ್ಟಿದ್ದಳು, ಮೊಟ್ಟೆ ಬೇಯಿಸಿದ್ದಳು, ಮಗಳು ಲಿಲಿತಾಳ ಕ್ರಿಸ್‌ಮಸ್ ಬಟ್ಟೆಯನ್ನು ಮಡಿಕೆ ಬೀಳದ ಹಾಗೆ ಎಲ್ಲಕ್ಕಿಂತ ಮೇಲೆ ಇಟ್ಟಿದ್ದಳು. ಆದರೆ ಬೆಳಕು ಹರಿದು, ಬೀದಿಯ ಅರ್ಧ ಮನೆಗಳು ಬೀಗ ಹಾಕಿಕೊಂಡು ಊರಿನ ದಾರಿ ಹಿಡಿದ ಮೇಲೂ ಅವಳು ಮೆಟ್ಟಿಲ ಮೇಲೆ ಕೂತು ಕಾಯುತ್ತಲೇ ಇದ್ದಳು. ಗಂಡ ಝಾಮಿಲೆ ತನ್ನ ಅಕ್ಕ ವಾತಿಸ್ವಾಳನ್ನು ಕರೆತರಲು ಹೋದವನು ಬಂದಿರಲಿಲ್ಲ. ಅವಳಿಗೂ ಊರಿಗೆ ಹೋಗಬೇಕಂತೆ, ಒಂದು ಕೈಚೀಲ ಅಷ್ಟೇ ಇರುವುದಂತೆ.

ಬಂದಾಗ ಕಾರಿನ ಹಿಂದೆ ಟ್ರೇಲರ್ ಇತ್ತು. ಅದರ ಮೇಲೆ ಟಾರ್ಪಾಲು ಹೊದಿಸಿ ಹಗ್ಗ ಬಿಗಿದಿತ್ತು.

"ಇದೇನಾ ಕೈಚೀಲ?" ಎಂದಳು ಪುಮ್ಲಾ.

"ಅಕ್ಕನ ಸಾಮಾನು. ಹತ್ತು ಬೇಗ, ಆಗಲೇ ತಡ ಆಯ್ತು," ಎಂದ ಝಾಮಿಲೆ, ಕಾಯಿಸಿದವಳು ಅವಳೇ ಎನ್ನುವ ಹಾಗೆ.

ವಾತಿಸ್ವಾ ಮುಂದಿನ ಸೀಟಿನಲ್ಲಿ ಆಗಲೇ ನೆಲೆಗೊಂಡಿದ್ದಳು. ಅವಳು ಇಳಿಯಲಿಲ್ಲ, ಕಿಟಕಿಯಿಂದಲೇ ಕೆನ್ನೆ ಒಡ್ಡಿದಳು. "ನನ್ನ ಮಂಡಿ ಹಿಂದಿನ ಸೀಟಲ್ಲಿ ಮಡಚಲ್ಲ ಕಣಮ್ಮ ನೊಖಾಯಾ, ನಿಂಗೊತ್ತಲ್ಲ."

ನೊಖಾಯಾ ಎನ್ನುವುದು ಮದುವೆಯ ದಿನ ಗಂಡನ ಮನೆಯವರು ಅವಳಿಗಿಟ್ಟ ಹೆಸರು. ಮನೆಯ ತಾಯಿ ಎಂದು ಅದರ ಅರ್ಥ. ಗಂಡನ ಊರು ಕುಮಾಕಾಲಾದ ಆ ಅಂಗಳದಲ್ಲಿ ಪುಮ್ಲಾ ಎನ್ನುವ ಹೆಂಗಸು ಇರಲೇ ಇಲ್ಲ. ಇದ್ದದ್ದು ಕೋಳಿ ಕೂಗುವ ಮೊದಲು ಎದ್ದು, ಹಣೆ ಮುಚ್ಚುವಂತೆ ತಲೆಗೆ ವಸ್ತ್ರ ಕಟ್ಟಿ, ಎಲ್ಲರಿಗೂ ಚಹಾ ಕೊಟ್ಟು, ಅಡುಗೆ ಗುಡಿಸಲಿನ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುವ ನೊಖಾಯಾ. ಮದುವೆಯಾದಾಗಿನಿಂದ ಪ್ರತಿ ಕ್ರಿಸ್‌ಮಸ್ಸೂ ಅಲ್ಲೇ ಕಳೆದಿತ್ತು. ಅದರ ಬಗ್ಗೆ ಅವಳು ಯಾರ ಬಳಿಯೂ ದೂರಿದವಳಲ್ಲ. ಅವಳ ಅಕ್ಕ ಬುಲೆಲ್ವಾಳದೂ, ತಂಗಿಯರಾದ ನೋಂಬೆಕೊ, ಸಿನಾಝೊ ಅವರದೂ ಅದೇ ಕತೆ. ನಾಲ್ವರೂ ನಾಲ್ಕು ದಿಕ್ಕಿನ ಅತ್ತೆಮನೆಗಳಲ್ಲಿ ಹಬ್ಬದ ದಿನ ಪಾತ್ರೆ ತೊಳೆಯುತ್ತ ಫೋನಿನಲ್ಲಿ ನಗುತ್ತಿದ್ದರು. ಈ ವರ್ಷ ಈಸ್ಟರಿನ ಹೊತ್ತಿಗೆ ಬುಲೆಲ್ವಾ ಹೇಳಿದ್ದಳು: "ಸಿನಾಝೊ ಮದುವೆ ಆದಮೇಲೆ ನಾವು ನಾಲ್ಕೂ ಜನ ಕಾಕಾಡಲ್ಲಿ ಅಮ್ಮನ ಮನೇಲಿ ಒಂದು ಸಲಾನೂ ಒಟ್ಟಿಗೆ ಕೂತಿಲ್ಲ. ಈ ಡಿಸೆಂಬರ್ ಕೂರೋಣ. ಗಂಡಂದಿರನ್ನ ಏನು ಬೇಕಾದ್ರೂ ಮಾಡಿ ಒಪ್ಸಿ."

ಪುಮ್ಲಾ ಏನೂ ಮಾಡಬೇಕಾಗಿರಲಿಲ್ಲ. ಝಾಮಿಲೆ ತಟ್ಟನೆ ಒಪ್ಪಿದ್ದ. "ಈ ಸಲ ನಿಮ್ಮಮ್ಮನ ಮನೆ. ಇಪ್ಪತ್ತಾರಕ್ಕೆ ನಮ್ಮೂರು. ಮುಗೀತು." ಅವಳು ಕ್ಲಿನಿಕ್ಕಿನಲ್ಲಿ ಬೇರೆ ದಾದಿಯರ ರಾತ್ರಿ ಪಾಳಿಗಳನ್ನೆಲ್ಲ ತನ್ನ ಮೇಲೆ ಹೇರಿಕೊಂಡು ಈ ರಜೆ ಪಡೆದಿದ್ದಳು. ಆ ತಿಂಗಳುಗಳಲ್ಲಿ ಅವಳಿಗೆ ಗಂಡನ ಮೇಲೆ ಹೊಸದಾಗಿ ಒಂದು ಮಮತೆ ಹುಟ್ಟಿತ್ತು. ಅಷ್ಟು ಸುಲಭವಾಗಿ ಹೂಂ ಎಂದ ಗಂಡಸಿನ ಮೇಲೆ ಅನುಮಾನ ಹುಟ್ಟಬೇಕಿತ್ತು ಎಂದು ಹೊಳೆದದ್ದು ಆಮೇಲೆ.

ಬ್ಲೂಮ್‌ಫಾಂಟೇನ್ ಇನ್ನೂ ದೂರವಿರುವಾಗಲೇ ಬುಲೆಲ್ವಾಳ ಫೋನು ಬಂತು.

"ಎಲ್ಲಿದೀಯೇ?"

"ಇನ್ನೂ ಬ್ಲೂಮ್ ಬಂದಿಲ್ಲ."

"ಏನು, ನಡ್ಕೊಂಡು ಬರ್ತಿದೀಯಾ? ನಾನು ಕೇಪ್‌ಟೌನಿಂದ ನಿನ್ನೆ ಬಂದು ಕೂತಿದೀನಿ. ಸಿನಾಝೊನೂ ಬಂದ್ಳು, ಎರಡು ಬೇಸಿನ್ ಶುಂಠಿ ಪಾನಕ ಮಾಡಿಟ್ಟಿದಾಳೆ, ಒಣದ್ರಾಕ್ಷಿ ಅರ್ಧ ಅವಳ ಹೊಟ್ಟೇಲಿದೆ. ಅಮ್ಮ ಕುರಿ ಆರಿಸಿದಾಳೆ. ಯಾರಾದ್ರೂ ರಸ್ತೇಲಿ ಹಾರ್ನ್ ಹೊಡೆದ್ರೆ ಸಾಕು, ಏಪ್ರನ್ ಬಿಚ್ತಾಳೆ, ಮತ್ತೆ ಕಟ್ಕೊಳ್ತಾಳೆ."

ಮುಂದಿನ ಸೀಟಿನಿಂದ ವಾತಿಸ್ವಾಳ ತಲೆ ಸ್ವಲ್ಪ ತಿರುಗಿತು, ಮತ್ತೆ ರಸ್ತೆಯತ್ತ ಹೊರಳಿತು. ಕನ್ನಡಿಯಲ್ಲಿ ಝಾಮಿಲೆಯ ಕಣ್ಣು ಸಿಗಲಿಲ್ಲ.

ಡಿಸೆಂಬರಿನ ಆ ರಸ್ತೆ ರಸ್ತೆಯಾಗಿ ಉಳಿದಿರಲಿಲ್ಲ. ಜೋಹಾನ್ಸ್‌ಬರ್ಗಿನ ಗಾಡಿಗಳೆಲ್ಲ ಒಂದೇ ಹಗ್ಗಕ್ಕೆ ಕಟ್ಟಿದ ದನಗಳ ಹಾಗೆ ದಕ್ಷಿಣಕ್ಕೆ ತೆವಳುತ್ತಿದ್ದವು. ಹಾಸಿಗೆ, ಬಾಗಿಲು, ನೀರಿನ ಟ್ಯಾಂಕು ಹೊತ್ತ ಮಿನಿಬಸ್ ಟ್ಯಾಕ್ಸಿಗಳು ಒಂದರ ಪಕ್ಕೆಗೆ ಒಂದು ಒರಸಿಕೊಂಡು ನುಗ್ಗುತ್ತಿದ್ದವು. ಬ್ಲೂಮ್ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ಢಬ್ಬೆಂದಿತು. ಟ್ರೇಲರ್ ಒಂದು ಕಡೆಗೆ ವಾಲಿತು. ಝಾಮಿಲೆ ಕಾರನ್ನು ಮುಳ್ಳುತಂತಿಯ ಬೇಲಿಯ ಪಕ್ಕಕ್ಕೆ ಎಳೆದು ನಿಲ್ಲಿಸಿದ. ಟೈರು ಹರಿದು ಚಿಂದಿಯಾಗಿತ್ತು. ಬದಲಿ ಟೈರು ಟ್ರೇಲರಿನ ತಳದಲ್ಲಿತ್ತು.

"ನೀವು ಒಳಗೇ ಇರಿ, ನಾನು ತೆಗೀತೀನಿ," ಎಂದ ಅವನು ಗಡಿಬಿಡಿಯಿಂದ.

ಬೆನ್ನು ನೋವಿನ ಗಂಡಸು ಒಬ್ಬನೇ ಎತ್ತುತ್ತಿರುವಾಗ ಒಳಗೆ ಕೂರುವುದು ಹೇಗೆ? ಪುಮ್ಲಾ ಇಳಿದು ಹೋಗಿ ಹಗ್ಗ ಬಿಚ್ಚಿದಳು. ಟಾರ್ಪಾಲಿನ ಕೆಳಗೆ ಮೊದಲು ಕಂಡದ್ದು ಮೂರು ಕಾಲಿನ ಕಬ್ಬಿಣದ ಹಂಡೆಗಳು. ಒಂದರೊಳಗೆ ಒಂದು ಕೂರುವಂಥವಲ್ಲ, ಒಂದೊಂದರಲ್ಲೂ ಒಂದು ಕರು ಬೇಯಬಹುದು. ಅವುಗಳ ಕೆಳಗೆ ಚೀಲಗಳು. ಅವಳು ಒಂದರ ಮೇಲೆ ಕೈಯಿಟ್ಟು ಒತ್ತಿದಳು, ಬಾಯಿ ಬಿಚ್ಚಿ ಮೂಸಿದಳು. ಮೊಳಕೆ ಬರಿಸಿ ಒಣಗಿಸಿ ಬೀಸಿದ ಜೋಳ. ಅದನ್ನು ಯಾರೂ ಗಂಜಿಗೆಂದು ಕೊಳ್ಳುವುದಿಲ್ಲ. ಬಿಯರಿಗೆಂದೇ ಕೊಳ್ಳುತ್ತಾರೆ, ಅದೂ ಚೀಲಗಟ್ಟಲೆ ಕೊಂಡರೆ ಮನೆಯಲ್ಲಿ ಗತಿಸಿದ ಹಿರಿಯರನ್ನು ಕರೆಯುವ ದೊಡ್ಡ ಕಾರ್ಯವಿದೆ ಎಂದೇ ಅರ್ಥ. ನೆನೆಸಿ, ಹುಳಿ ಬರಿಸಿ, ಕುದಿಸಿ, ಆರಿಸಿ, ಮತ್ತೆ ಜೋಳ ಬೆರೆಸಿ, ಸೋಸಿ ಕೊಡುವಷ್ಟರಲ್ಲಿ ದಿನಗಳು ಹಿಡಿಯುತ್ತವೆ. ಆ ದಿನಗಳೆಲ್ಲ ಹಂಡೆಯ ಪಕ್ಕ ನಿಲ್ಲುವವಳು ಮನೆಯ ಸೊಸೆ.

"ಇದು ಯಾರ ಕಾರ್ಯಕ್ಕೆ?" ಎಂದು ಅವಳು ಮೆಲ್ಲಗೆ ಕೇಳಿದಳು.

ಝಾಮಿಲೆ ಜಾಕನ್ನು ತಿರುವುತ್ತಲೇ ಇದ್ದ. "ಆಮೇಲೆ ಮಾತಾಡೋಣ."

ವಾತಿಸ್ವಾ ಕಿಟಕಿಯಿಂದ ತಲೆ ಹಾಕಿದಳು. "ಆಮೇಲೆ ಮಾತಾಡೋಕೆ ಏನಿದೆ? ಅಣ್ಣನ ಮಗ ಗಂಡಸಾಗೋ ದೀಕ್ಷೆ ಮುಗಿಸಿ ಶನಿವಾರ ಗುಡ್ಡದಿಂದ ಇಳೀತಾನಲ್ಲ. ಗಂಡಸಾಗಿ ಬರೋ ಹುಡುಗನ್ನ ಖಾಲಿ ಪೀಪಾಯಿ ಇಟ್ಕೊಂಡು ಬರಮಾಡ್ಕೋತಾರಾ?" ಆಮೇಲೆ ಅವಳು ಪುಮ್ಲಾಳ ಮುಖ ನೋಡಿದಳು, ತಮ್ಮನ ಬೆನ್ನು ನೋಡಿದಳು. "ಇವನು ನಿಂಗೆ ಹೇಳಿಲ್ವಾ? ನೊಖಾಯಾ ಒಪ್ಪಿದಾಳೆ, ಇಪ್ಪತ್ನಾಲ್ಕಕ್ಕೇ ಬಂದು ಹಂಡೆ ಹಚ್ತಾಳೆ ಅಂತ ಅಮ್ಮಂಗೆ ಹೇಳಿದಾನೆ."

"ಬ್ಲೂಮಲ್ಲಿ ಹೇಳೋಣ ಅಂತಿದ್ದೆ," ಎಂದ ಝಾಮಿಲೆ.

"ಬ್ಲೂಮ್ ಹಿಂದೆ ಹೋಯ್ತು," ಎಂದಳು ಲಿಲಿತಾ ಹಿಂದಿನ ಸೀಟಿನಿಂದ.

ಪುಮ್ಲಾಗೆ ಆ ಹೊತ್ತಿನಲ್ಲಿ ಹೇಳಲು ಎಷ್ಟೋ ಮಾತಿದ್ದವು. ಆದರೆ ಗಂಡನ ಅಕ್ಕನ ಎದುರು ಗಂಡನಿಗೆ ದನಿಯೆತ್ತುವುದೆಂದರೇನು? ಹದಿಮೂರು ವರ್ಷ ನುಂಗಿ ನುಂಗಿ ಗಂಟಲಿಗೆ ಆ ಕೆಲಸ ಅಭ್ಯಾಸವಾಗಿಬಿಟ್ಟಿತ್ತು. ಅವಳು ಹಂಡೆಗಳನ್ನು ಮತ್ತೆ ಮೇಲಕ್ಕೆತ್ತಿ ಕೊಟ್ಟಳು. ಅವಳನ್ನು ಅಮ್ಮನಿಂದ ದೂರ ಇಡುವ ಸಾಮಾನನ್ನು ಅವಳ ಕೈಯಿಂದಲೇ ಜೋಡಿಸಿ, ಅವಳ ಕೈಯಿಂದಲೇ ಹಗ್ಗ ಬಿಗಿಸಿದ್ದಾಯಿತು.

ಝಾಮಿಲೆ ಕೆಟ್ಟವನೇನಲ್ಲ. ಅದೇ ತೊಂದರೆ. ಕೆಟ್ಟವನಾಗಿದ್ದರೆ ಇಲ್ಲ ಎನ್ನುತ್ತಿದ್ದ, ಇವಳು ಜಗಳವಾಡುತ್ತಿದ್ದಳು. ಇವನು ತಾಯಿಗೂ ಹೂಂ ಎನ್ನುತ್ತಾನೆ, ಹೆಂಡತಿಗೂ ಹೂಂ ಎನ್ನುತ್ತಾನೆ. ಎರಡು ಹೂಂಗಳು ಒಂದು ದಿನ ಎದುರಾಬದುರಾ ಬಂದು ನಿಂತಾಗ ತಾನು ಟೈರಿನ ಕೆಳಗೆ ತೂರಿಕೊಳ್ಳುತ್ತಾನೆ.

ಮುಂದೆ ರಸ್ತೆ ಕೆಲಸ. ಒಂದು ಕಡೆಯ ಗಾಡಿಗಳನ್ನು ಬಿಡುವಾಗ ಇನ್ನೊಂದು ಕಡೆ ತಡೆಯುತ್ತಿದ್ದರು. ಕೆಂಪು ಬಾವುಟ ಹಿಡಿದ ಹೆಂಗಸು ಛತ್ರಿಯ ಕೆಳಗೆ ಕುರ್ಚಿ ಹಾಕಿಕೊಂಡು ಸೇಬು ತಿನ್ನುತ್ತಿದ್ದಳು. ಬಿಸಿಲಿಗೆ ಕಾರಿನ ಮುಚ್ಚಳ ಕಾದ ಬಾಣಲೆಯಾಗಿತ್ತು. ಜನ ಇಳಿದು ರಸ್ತೆಯ ಮೇಲೇ ಊಟ ಬಿಚ್ಚಿದರು. ಪುಮ್ಲಾ ಕೋಳಿ ಬಿಚ್ಚಿ ನಾದಿನಿಗೆ ತೊಡೆ ಕೊಟ್ಟಳು, ಗಂಡನಿಗೆ ಎದೆಯ ತುಂಡು ಕೊಟ್ಟಳು. ತನಗೆ ತಿನ್ನಲಾಗಲಿಲ್ಲ.

ಝಾಮಿಲೆ ಅವಳನ್ನು ಟ್ರೇಲರಿನ ಹಿಂದಕ್ಕೆ ಕರೆದು ಪಿಸುಗುಟ್ಟಿದ. "ನೋಡು, ಸಿಟ್ಟಾಗಬೇಡ. ಹೊಸ ವರ್ಷಕ್ಕೆ ಹೋಗೋಣ ನಿಮ್ಮಮ್ಮನ ಮನೆಗೆ."

"ಹೊಸ ವರ್ಷಕ್ಕೆ ಬುಲೆಲ್ವಾ ಇರಲ್ಲ. ನೋಂಬೆಕೊ ಇರಲ್ಲ."

"ಅಮ್ಮ ಇರ್ತಾರಲ್ಲ."

"ನಿಮ್ಮಮ್ಮಂಗೆ ಫೋನ್ ಮಾಡಿ, ನಾವು ಇಪ್ಪತ್ತಾರಕ್ಕೆ ಬರ್ತೀವಿ ಅಂತ ಹೇಳು. ನಿಮ್ಮಣ್ಣನ ಹೆಂಡ್ತಿ ಇದಾರೆ, ಪಕ್ಕದ ಮನೆಯವರಿದಾರೆ. ಹಂಡೆ ಹಚ್ಚೋಕೆ ನಾನೊಬ್ಳೇನಾ?"

ಅವನು ಫೋನು ಕೈಯಲ್ಲಿ ಹಿಡಿದುಕೊಂಡು ಅದನ್ನೇ ನೋಡಿದ, ಸಿಗ್ನಲ್ಲು ಇಲ್ಲ ಎನ್ನುವುದು ತನ್ನ ಪುಣ್ಯ ಎನ್ನುವ ಹಾಗೆ. "ಇಲ್ಲಿ ಸಿಗ್ತಿಲ್ಲ. ಅಲಿವಾಲಲ್ಲಿ ಮಾಡ್ತೀನಿ."

ಅಲಿವಾಲಿನ ನದಿಯ ಸೇತುವೆ ದಾಟಿದರೆ ಅವರ ಸೀಮೆ. ಕಂದು ನೀರು ಕಂಡ ಕೂಡಲೇ ಹಿಂದಿನ ಗಾಡಿಗಳವರೆಲ್ಲ ಹಾರ್ನ್ ಹೊಡೆದರು, ಯಾರೋ ಹೆಂಗಸರು ಕಿಟಕಿಯಿಂದ ಉಲುಲು ಎಂದು ಕೂಗಿದರು. ಫೋನಿಗೆ ಸಿಗ್ನಲ್ಲು ಬಂತು. ಝಾಮಿಲೆ ಮಾತ್ರ ತನಗೆ ಕಣ್ಣು ಎಳೆಯುತ್ತಿದೆ, ನೀನು ಓಡಿಸು ಎಂದು ಕೀಲಿ ಅವಳ ಕೈಗಿಟ್ಟು, ಹಿಂದೆ ಮಗಳ ಪಕ್ಕದಲ್ಲಿ ಒರಗಿ, ಜೇಮ್ಸ್‌ಟೌನ್ ಬರುವ ಮೊದಲೇ ಬಾಯಿ ತೆರೆದು ನಿದ್ದೆ ಹೋದ.

ಕೊಮಾನಿಯಲ್ಲಿ ಪೆಟ್ರೋಲಿಗೆ ನಿಲ್ಲಿಸಿದಾಗ ಹೊತ್ತು ಇಳಿಯತೊಡಗಿತ್ತು. "ಬಟ್ಟೆ ಬದಲಾಯಿಸ್ಕೊಂಡು ಬಾ," ಎಂದಳು ವಾತಿಸ್ವಾ. ಅದು ಅಪ್ಪಣೆಯೂ ಅಲ್ಲ, ಅಷ್ಟು ಸಹಜವಾದ ಮಾತು.

ಹೆಂಗಸರ ಬಚ್ಚಲುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊಮಾನಿಯಿಂದಾಚೆ ಅತ್ತೆಮನೆಗಳ ಸೀಮೆ ಶುರುವಾಗುತ್ತದೆ, ಹೀಗಾಗಿ ಊರಿಗೆ ಹೊರಟ ಸೊಸೆಯಂದಿರೆಲ್ಲ ಅಲ್ಲಿ ಜೀನ್ಸ್ ಬಿಚ್ಚಿ ಉದ್ದ ಲಂಗ ತೊಡುತ್ತಿದ್ದರು, ತುಟಿಯ ಬಣ್ಣ ಒರೆಸುತ್ತಿದ್ದರು, ಹೆಗಲಿಗೆ ಶಾಲು ಹೊದ್ದು ಪಿನ್ನು ಚುಚ್ಚುತ್ತಿದ್ದರು.

"ಎಳಿಯೇ ಜೋರಾಗಿ. ಈ ಪ್ಯಾಂಟು ಹೀಗಾದ್ರೆ ಈಸ್ಟರಿಗೆ ಬಿಚ್ಕೊಳುತ್ತೆ," ಎಂದಳು ಒಬ್ಬಳು.

"ನಮ್ಮತ್ತೆಗೆ ನಂಗೆ ಕಾಲಿವೆ ಅಂತಾನೇ ಗೊತ್ತಿಲ್ಲ. ಲಂಗದ ಕೆಳಗೆ ಚಕ್ರ ಇದೆ ಅಂದ್ಕೊಂಡಿದಾಳೆ. ಅದಕ್ಕೇ ಎಲ್ಲಾ ಕೆಲಸಕ್ಕೂ ಉರುಳಿಸ್ತಾಳೆ," ಎಂದಳು ಇನ್ನೊಬ್ಬಳು.

ಕನ್ನಡಿಯ ಮುಂದೆ ಒಬ್ಬ ಚಿಕ್ಕ ವಯಸ್ಸಿನ ಹುಡುಗಿ ತಲೆವಸ್ತ್ರವನ್ನು ಕಟ್ಟಿ ಬಿಚ್ಚಿ ಕಟ್ಟಿ ಬಿಚ್ಚಿ ಸೋತಿದ್ದಳು. ಪುಮ್ಲಾ ಅದನ್ನು ಇಸಿದುಕೊಂಡು ಹಿಂದಿನಿಂದ ಸುತ್ತಿದಳು.

"ಹಣೆ ಪೂರ್ತಿ ಮುಚ್ಚಬೇಕಾ ಅಕ್ಕಾ?"

"ಹುಬ್ಬಿನ ತನಕ. ಮೊದಲ ಕ್ರಿಸ್‌ಮಸ್ಸಾ?"

"ಹೂಂ. ಈ ವರ್ಷ ಒಂದೇ. ಮುಂದಿನ ವರ್ಷ ನಮ್ಮಮ್ಮನ ಮನೆಗೆ ಅಂತ ಮಾತು ಕೊಟ್ಟಿದಾರೆ ಇವರು."

ಲಂಗ ಎಳೆದುಕೊಳ್ಳುತ್ತಿದ್ದವರು, ನಗುತ್ತಿದ್ದವರು, ಎಲ್ಲರೂ ತಂತಮ್ಮ ಪಿನ್ನು, ಗುಂಡಿಗಳತ್ತ ತಲೆ ಬಗ್ಗಿಸಿದರು. ಒಬ್ಬಳು ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದಳು. ಹುಡುಗಿ ಕನ್ನಡಿಯಲ್ಲಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಪುಮ್ಲಾ ಗಂಟು ಬಿಗಿದು ಅವಳ ಹೆಗಲು ತಟ್ಟಿ ಹೊರಬಂದಳು. ಕಾರಿನ ಗಾಜಿನಲ್ಲಿ ತನ್ನ ಬಿಂಬ ಕಂಡಾಗಲೇ ತಾನೂ ಲಂಗ ತೊಟ್ಟು, ಶಾಲು ಹೊದ್ದು, ವಸ್ತ್ರ ಕಟ್ಟಿಕೊಂಡಿದ್ದೇನೆ ಎಂದು ತಿಳಿದದ್ದು. ಯಾವಾಗ ತೊಟ್ಟಳೋ ಅವಳಿಗೆ ನೆನಪಿರಲಿಲ್ಲ. ಆ ಕೆಲಸವನ್ನು ಕೈಗಳು ಅವಳನ್ನು ಕೇಳದೆ ಮಾಡಿ ಮುಗಿಸಿದ್ದವು.

ಊರು ದಾಟುವಲ್ಲಿ ಹಸಿರು ಹಲಗೆ. ನೇರಕ್ಕೆ ಕುಮಾಕಾಲಾ, ಎಡಕ್ಕೆ ಕಾಕಾಡು. ಮುಂದಿದ್ದ ಗಾಡಿಗಳು ನೇರಕ್ಕೆ ಹೋದವು. ಪುಮ್ಲಾ ಎಡಕ್ಕೆ ತಿರುಗಿಸಿದಳು.

ವಾತಿಸ್ವಾ ಮೊಟ್ಟೆ ಸುಲಿಯುತ್ತಿದ್ದಳು. ಸುಲಿದು, ಉಪ್ಪು ಹಚ್ಚಿ, ಅರ್ಧ ಕಚ್ಚಿದ ಮೇಲೆ ತಲೆ ಎತ್ತಿದಳು. "ನೊಖಾಯಾ, ಇದು ನಮ್ಮ ರಸ್ತೆ ಅಲ್ಲ."

"ಅಲ್ಲ ಅಕ್ಕಾ. ನಮ್ಮಮ್ಮನ ಮನೆ ರಸ್ತೆ."

"ಝಾಮಿಲೆಗೆ ಗೊತ್ತಾ?"

"ಏಪ್ರಿಲ್‌ನಿಂದ ಗೊತ್ತು."

ವಾತಿಸ್ವಾ ಹಿಂದಕ್ಕೆ ಕೈ ಚಾಚಿ ತಮ್ಮನ ಮಂಡಿಗೆ ಬಡಿದಳು. "ಏಳೋ. ನಿನ್ನ ಹೆಂಡ್ತಿ ನಮ್ಮನ್ನ ಎತ್ತಾಕ್ಕೊಂಡು ಹೋಗ್ತಿದಾಳೆ."

ಝಾಮಿಲೆ ಎದ್ದು ಕಿಟಕಿಯಾಚೆ ನೋಡಿದ. ಕೆಂಪು ಮಣ್ಣು, ಮೇಕೆಗಳು, ಬಣ್ಣ ಬಳಿದ ದುಂಡು ಮನೆಗಳು. "ಪುಮ್ಲಾ, ನಿಲ್ಸು. ತಿರುಗಿಸು."

"ಟ್ರೇಲರ್ ಇದೆ. ಇಷ್ಟು ಸಣ್ಣ ರಸ್ತೇಲಿ ತಿರುಗಲ್ಲ."

"ಅಮ್ಮ ಕಾಯ್ತಿದಾರೆ."

"ನಮ್ಮಮ್ಮನೂ ಕಾಯ್ತಿದಾಳೆ."

ಅವಳು ಗೇರು ಬದಲಿಸಿದಳು. ಝಾಮಿಲೆ ಏನೋ ಹೇಳಹೋದ, ಮಗಳು ತನ್ನನ್ನೇ ನೋಡುತ್ತಿರುವುದು ಕಂಡು ಕಿಟಕಿಯತ್ತ ತಿರುಗಿದ. ವಾತಿಸ್ವಾಳ ಚಿಂತೆಯೇ ಬೇರೆ. "ಬೀಗರ ಮನೆಗೆ ಹೇಳದೆ ಕೇಳದೆ, ಬರಿಗೈಲಿ, ಈ ರಬ್ಬರ್ ಚಪ್ಪಲೀಲಿ," ಎಂದು ಅವಳು ಮೂರು ಸಲ ಹೇಳಿಕೊಂಡಳು. ಆಮೇಲೆ ಕನ್ನಡಿ ಇಳಿಸಿ ಮುಖಕ್ಕೆ ಪೌಡರು ಹಾಕಿಕೊಂಡಳು.

ಅಮ್ಮನ ಮನೆಯ ಗೇಟು ಕಂಡಾಗ ಪುಮ್ಲಾ ಊರಿಗೆಲ್ಲ ಕೇಳುವಂತೆ ಹಾರ್ನ್ ಹೊಡೆದಳು. ನಾಯಿಗಳು ಓಡಿ ಬಂದವು, ಅವುಗಳ ಹಿಂದೆ ಬುಲೆಲ್ವಾ, ಸಿನಾಝೊ, ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ. ಇನ್ನೇನು ಅಪ್ಪಿಕೊಳ್ಳಬೇಕು, ಅಷ್ಟರಲ್ಲಿ ಮುಂದಿನ ಬಾಗಿಲು ತೆರೆದು ವಾತಿಸ್ವಾ ಇಳಿದಳು. ಅಕ್ಕತಂಗಿಯರು ನಡುದಾರಿಯಲ್ಲೇ ನಿಂತುಬಿಟ್ಟರು. ಸಿನಾಝೊ ಏಪ್ರನ್ನಿನ ಅಂಚಿನಿಂದ ತಲೆ ಮುಚ್ಚಿಕೊಂಡಳು.

ಹೇಳದೆ ಬಂದ ಬೀಗಿತ್ತಿ ಸೀದಾ ಅಂಗಳಕ್ಕೆ ನುಗ್ಗಬಾರದೆಂದು ವಾತಿಸ್ವಾ ಗೇಟಿನ ಹೊರಗೇ ನಿಂತಳು. ಅದು ಅವಳ ಮರ್ಯಾದೆ. ಆದರೆ ಒಳಗಿನಿಂದ ನೋಡಿದವರಿಗೆ ಕಂಡದ್ದು ಬೇರೆ: ಗಂಡನ ಮನೆಯ ಹಿರಿಯ ಹೆಂಗಸು ಗೇಟಿನಾಚೆ ನಿಂತಿದ್ದಾಳೆ, ಅಳಿಯ ತಲೆ ತಗ್ಗಿಸಿದ್ದಾನೆ, ಮಗಳು ಸೊಸೆಯ ಉಡುಪಿನಲ್ಲಿ ಮುಖ ಕೆಂಪು ಮಾಡಿಕೊಂಡಿದ್ದಾಳೆ, ಹಿಂದೆ ಒಂದು ಟ್ರೇಲರ್ ತುಂಬ ಸಾಮಾನು. ಹಬ್ಬದ ಹಿಂದಿನ ದಿನ ಮಗಳನ್ನು ಸಾಮಾನು ಸಮೇತ ವಾಪಸು ತಂದುಬಿಟ್ಟಿದ್ದಾರೆ. ಪುಮ್ಲಾಳ ಚಿಕ್ಕಪ್ಪ ಒಳಗೆ ಹೋಗಿ ಕೋಟು ತೊಟ್ಟು, ಊರುಗೋಲು ಹಿಡಿದು ಬಂದ. ಅಮ್ಮ ಬಾಗಿಲಲ್ಲಿ ಗೋಡೆ ಹಿಡಿದು ನಿಂತಳು. ಅವಳ ಕಣ್ಣು ಟ್ರೇಲರಿನ ಮೇಲಿತ್ತು, ಮಗಳ ಮೇಲಿರಲಿಲ್ಲ.

"ಬೀಗರೇ," ಎಂದ ಚಿಕ್ಕಪ್ಪ ಗಂಭೀರವಾಗಿ, "ನಮ್ಮ ಕೂಸು ಏನಾದ್ರೂ ತಪ್ಪು ಮಾಡಿದ್ರೆ ಮೊದಲು ಕೂತು ಮಾತಾಡೋಣ. ಸಾಮಾನು ಇಳಿಸಬೇಡಿ."

ವಾತಿಸ್ವಾ ಹೆಗಲಿನ ಶಾಲು ಸರಿಮಾಡಿಕೊಂಡಳು. "ಕೂತೇ ಮಾತಾಡಬೇಕಪ್ಪ, ನನ್ನ ಮಂಡಿ ನಿಲ್ಲೋದಿಲ್ಲ. ಹಿಂದಿನ ಕಾಲದಲ್ಲಿ ನಮ್ಮ ಕಡೆಯವರು ಹುಡುಗೀರನ್ನ ಮದುವೆಗೆ ಅಂತ ಹೊತ್ಕೊಂಡು ಹೋಗ್ತಿದ್ರು. ಈಗ ನಿಮ್ಮ ಹುಡುಗಿ ನಮ್ಮನ್ನ ಹೊತ್ಕೊಂಡು ಬಂದಿದಾಳೆ. ದಂಡ ಯಾರು ಕಟ್ಟಬೇಕು ಅಂತ ನೀವೇ ಹೇಳಿ."

ಚಿಕ್ಕಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವನು ನಕ್ಕ, ಬುಲೆಲ್ವಾ ನಕ್ಕಳು, ನಾಯಿಗಳೂ ಬಾಲ ಆಡಿಸಿದವು. ಅಮ್ಮ ನಗಲಿಲ್ಲ. "ಬೀಗಿತ್ತಿಗೆ ಕುರ್ಚಿ ತನ್ನಿ," ಎಂದಳು.

ಆಮೇಲಿನದು ಪುಮ್ಲಾ ಎಣಿಸಿದ ಸಂಜೆಯಾಗಿರಲಿಲ್ಲ. ಬೀಗರು ಮನೆಯಲ್ಲಿರುವಾಗ ಅವಳು ಆ ಮನೆಯ ಮಗಳಾಗಿರಲು ಬರುವುದಿಲ್ಲ. ಒಲೆಯ ಪಕ್ಕ ಸಿನಾಝೊ ಜೊತೆ ಚಾಪೆಯ ಮೇಲೆ ಕೂತು ಇನ್ನೂ ಕಾಲು ಚಾಚಿರಲಿಲ್ಲ, ಅಮ್ಮ ಬಂದು ನಿಂತಳು. "ನಿನ್ನ ನಾದಿನಿ ಚಹಾ ಕುಡಿದಿಲ್ಲ." ಚಹಾ ಕೊಟ್ಟು ಬಂದರೆ, "ಕಾಲಿಗೆ ಬಿಸಿನೀರು ಕೊಡು." ನೀರು ಕೊಟ್ಟು ಬಂದರೆ, "ಆ ವಸ್ತ್ರ ಯಾಕೆ ಸಡಿಲ ಆಗಿದೆ? ಸರಿಯಾಗಿ ಕಟ್ಕೋ." ನಾಳೆಗೆಂದಿದ್ದ ಕುರಿಯನ್ನು ಬೀಗರ ಮರ್ಯಾದೆಗೆಂದು ಚಿಕ್ಕಪ್ಪ ಈಗಲೇ ಕೊಯ್ದ. ಪಕ್ಕದ ಕೋಣೆಯಲ್ಲಿ ಅಕ್ಕ ಏನೋ ಹೇಳಿ ತಂಗಿ ಬಿದ್ದು ಬಿದ್ದು ನಗುವುದು ಕೇಳುತ್ತಿತ್ತು. ಪುಮ್ಲಾ ಬಾಗಿಲ ಹಿಂದೆ ಮಂಡಿಯೂರಿ ನಾದಿನಿಯ ಕೈಗೆ ನೀರು ಸುರಿಯುತ್ತಿದ್ದಳು. ಎಂಟುನೂರು ಕಿಲೋಮೀಟರು ಬಂದು ಅವಳು ಅತ್ತೆಮನೆಯನ್ನೇ ತಲುಪಿದ್ದಳು.

ಬೆಳಕು ಇನ್ನೂ ಪೂರ್ತಿ ಹೋಗುವ ಮೊದಲು ಅಮ್ಮ ಅವಳನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಕರೆದಳು.

"ಆ ಜೋಳದ ಚೀಲ ಈ ಅಂಗಳದಲ್ಲಿ ಇಳೀಬಾರದು. ಬೇರೆ ಮನೆ ಹಿರಿಯರಿಗೆ ಹೋಗಬೇಕಾದ್ದು ಅದು. ಬೆಳಿಗ್ಗೆ ಎದ್ದ ಕೂಡ್ಲೇ ಹೊರಡಿ."

"ನಾಳೆ ಕ್ರಿಸ್‌ಮಸ್ ಅಮ್ಮ. ನೋಂಬೆಕೊ ಇನ್ನೂ ಡರ್ಬನ್ನಿನಿಂದ ಬರ್ತಾ ಇದಾಳೆ."

"ಆ ಮನೆಯಲ್ಲಿ ಹುಡುಗ ಗಂಡಸಾಗಿ ಬರ್ತಿದಾನೆ. ಹಂಡೆ ಹಚ್ಚಬೇಕಾದ ಸೊಸೆ ಇಲ್ಲಿ ಕೂತಿದಾಳೆ. ನಾನು ಹೇಗೆ ಬೆಳೆಸಿದೆ ಅಂತ ಜನ ಕೇಳೋದು ನಿನ್ನನ್ನಲ್ಲ, ನನ್ನನ್ನ."

"ನಿಂಗೆ ನಾನು ಬೇಕಿರಲಿಲ್ವಾ? ಹಾರ್ನ್ ಕೇಳಿದಾಗಲೆಲ್ಲ ಏಪ್ರನ್ ಬಿಚ್ತಿದ್ದೆಯಂತೆ."

"ಬೇಕಿತ್ತು," ಎಂದಳು ಅಮ್ಮ. "ಹೀಗಲ್ಲ." ಅಷ್ಟು ಹೇಳಿ ಕೊಡ ಎತ್ತಿಕೊಂಡು ಹೋದಳು.

ಪುಮ್ಲಾಳ ಸಿಟ್ಟಿಗೆ ಆ ಗಳಿಗೆಯಲ್ಲಿ ಯಾರ ಮುಖವೂ ಇರಲಿಲ್ಲ. ಗಂಡನ ಮೇಲೆ ಸಿಟ್ಟಾಗಬಹುದು, ನಾದಿನಿಯ ಮೇಲೆ ಆಗಬಹುದು. ಆದರೆ ಅತ್ತೆಮನೆಯ ಬಾಗಿಲನ್ನು ಅಮ್ಮನೇ ಹಿಡಿದುಕೊಂಡು ನಿಂತರೆ ಯಾರನ್ನು ತಳ್ಳಿಕೊಂಡು ಒಳಗೆ ಬರುವುದು?

ಬೆಳಿಗ್ಗೆ ಅವಳ ಬ್ಯಾಗು, ಮಗಳ ಬ್ಯಾಗು ಎರಡೂ ಹೊಸಿಲ ಬಳಿ ಇದ್ದವು. ಅಮ್ಮ ಇಟ್ಟದ್ದು. ಝಾಮಿಲೆ ಟ್ರೇಲರಿನ ಹಗ್ಗ ಎಳೆದು ನೋಡುತ್ತಿದ್ದ, ವಾತಿಸ್ವಾ ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಕುರಿಯ ಒಂದು ತೊಡೆ, ಒಂದು ಡಬ್ಬ ಬಿಸ್ಕತ್ತು ಅವಳ ಮಡಿಲಲ್ಲಿ. ಚಿಕ್ಕಪ್ಪ, ಅಕ್ಕ, ತಂಗಿ ಎಲ್ಲರೂ ಅಂಗಳದಲ್ಲಿ ಬೀಳ್ಕೊಡಲು ನಿಂತಿದ್ದರು.

ಪುಮ್ಲಾ ಬಂದು ಎರಡೂ ಬ್ಯಾಗುಗಳನ್ನು ಎತ್ತಿಕೊಂಡಳು. ಎತ್ತಿಕೊಂಡು ಮನೆಯೊಳಗೆ ಇಟ್ಟು ಮತ್ತೆ ಹೊರಗೆ ಬಂದಳು. "ನಾನು ಇವತ್ತು ಬರಲ್ಲ," ಎಂದಳು. "ನಾಳೆ ಟ್ಯಾಕ್ಸಿ ಹಿಡಿದು ಬರ್ತೀನಿ."

ಝಾಮಿಲೆ ಹಗ್ಗ ಬಿಟ್ಟು ಬಂದ. "ಅಮ್ಮಂಗೆ ಏನು ಹೇಳ್ಲಿ ನಾನು?"

"ಏನಾದ್ರೂ ಹೇಳು. ಹೇಳೋದು ನೀನು. ನಂಗೆ ಹೇಳೋದನ್ನ ಅವರಿಗೆ, ಅವರಿಗೆ ಹೇಳೋದನ್ನ ನಂಗೆ ಹೇಳ್ಬೇಡ ಅಷ್ಟೇ."

"ಹಂಡೆ ಯಾರು ಹಚ್ತಾರೆ?"

ಅವಳು ಕಾರಿನ ಮುಂದಿನ ಕಿಟಕಿಯತ್ತ ನೋಡಿದಳು. ನೋಡಬಾರದಿತ್ತು, ಅದು ಸೊಸೆ ನೋಡುವ ನೋಟವಾಗಿರಲಿಲ್ಲ. ವಾತಿಸ್ವಾ ಮಡಿಲಿನ ಬಿಸ್ಕತ್ತಿನ ಡಬ್ಬ ಸರಿಮಾಡಿಕೊಂಡಳು. ಆಮೇಲೆ ಹೇಳಿದಳು: "ನಾನು ಹಚ್ತೀನಿ. ನಂಗೂ ಒಂದು ಕಾಲದಲ್ಲಿ ಅತ್ತೆ ಇದ್ಳು, ಕೈ ಮರೆತಿಲ್ಲ. ಆದ್ರೆ ನೊಖಾಯಾ, ಇದನ್ನ ನಾನು ಮರೆಯೋದೂ ಇಲ್ಲ. ಹೊಗೇಲಿ ಕೂತು ನನ್ನ ಕಣ್ಣು ಉರಿದಾಗಲೆಲ್ಲ ನಿನ್ನ ಹೆಸರು ಹೇಳ್ತೀನಿ."

"ಹೇಳಿ ಅಕ್ಕಾ."

"ಎಲ್ಲರ ಮುಂದೆ ಹೇಳ್ತೀನಿ."

"ಸರಿ ಅಕ್ಕಾ."

ಕಾರು ಗೇಟು ದಾಟಿತು. ಪುಮ್ಲಾ ಅಲ್ಲೇ ನಿಂತು ತಲೆವಸ್ತ್ರದ ಗಂಟು ಬಿಚ್ಚಿದಳು. ಹಣೆಯ ಮೇಲೆ ಬಟ್ಟೆ ಒತ್ತಿದ್ದ ಗುರುತಿಗೆ ಗಾಳಿ ತಾಗಿತು. ಬುಲೆಲ್ವಾ ಬಂದು ಅವಳ ಸೊಂಟ ಚಿವುಟಿ, "ಹೊಗಳ್ತಾರೆ ಬಿಡೇ ಆ ಊರಲ್ಲಿ ನಿನ್ನ," ಎಂದಳು. ಪುಮ್ಲಾಗೆ ನಗು ಬರಲಿಲ್ಲ. ಅಮ್ಮ ಒಳಗೆ ಹೋಗಿ ಚರ್ಚಿಗೆ ಹೋಗುವ ಬಿಳಿ ಕಾಲರಿನ ಅಂಗಿ ತೊಟ್ಟು ಬಂದಳು. ಸಿನಾಝೊಗೆ ಛತ್ರಿ ಕೊಟ್ಟಳು, ಬುಲೆಲ್ವಾಗೆ ಪ್ರಾರ್ಥನೆ ಪುಸ್ತಕ ಕೊಟ್ಟಳು. ಪುಮ್ಲಾಳನ್ನು ದಾಟಿ ನಡೆದಳು. ದಾರಿಯುದ್ದಕ್ಕೂ ಎದುರು ಸಿಕ್ಕವರೆಲ್ಲ, "ಅಯ್ಯೋ, ಪುಮ್ಲಾ ಬಂದಿದಾಳಾ? ಅಳಿಯಂದಿರೆಲ್ಲಿ?" ಎಂದು ಕೇಳಿದರು. ಪ್ರತಿ ಸಲವೂ ಅಮ್ಮ ಹೆಜ್ಜೆ ಜೋರು ಮಾಡಿದಳು. ಚರ್ಚಿನಲ್ಲಿ ಹಾಡುವಾಗ ಪುಮ್ಲಾಗೆ ಪದಗಳು ಬಂದವು, ದನಿ ಬರಲಿಲ್ಲ. ಇಷ್ಟಕ್ಕಾಗಿಯಾ, ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಪಕ್ಕದಲ್ಲಿ ಲಿಲಿತಾ ಹೊಸ ಬಟ್ಟೆ ತೊಟ್ಟು, ಎಲ್ಲರಿಗಿಂತ ಗಟ್ಟಿಯಾಗಿ, ತಪ್ಪು ತಪ್ಪು ರಾಗದಲ್ಲಿ ಹಾಡುತ್ತಿದ್ದಳು.

ಅವರು ಮನೆಗೆ ಬರುವಾಗ ನೋಂಬೆಕೊ ಗೇಟಿನ ಬಳಿ ಸೂಟ್‌ಕೇಸಿನ ಮೇಲೆ ಕೂತಿದ್ದಳು. "ಮನೆಗೆ ಬಂದ್ರೆ ನಾಯಿ ಬಿಟ್ಟು ಒಬ್ರೂ ಇಲ್ಲ. ಇದಕ್ಕೆ ನಾನು ಗಂಡನ ಜೊತೆ ಎರಡು ತಿಂಗಳು ಮಾತು ಬಿಟ್ಟಿದ್ದಾ?" ಎಂದಳು. ನಾಲ್ವರೂ ಇದ್ದರು. ಹೌದು, ಕೊನೆಗೂ ನಾಲ್ವರೂ.

ಊಟಕ್ಕೆ ಅಮ್ಮ ಬಡಿಸಿದಳು. ಚಿಕ್ಕಪ್ಪನಿಗೆ, ಮಕ್ಕಳಿಗೆ. ಆಮೇಲೆ ಒಂದು ದೊಡ್ಡ ಎನಾಮೆಲ್ ಬೋಗುಣಿಯಲ್ಲಿ ಅನ್ನ, ಕುಂಬಳಕಾಯಿ, ಮಾಂಸ ತುಂಬಿ ಬುಲೆಲ್ವಾ, ನೋಂಬೆಕೊ, ಸಿನಾಝೊ ಕೂತಿದ್ದ ಚಾಪೆಯ ನಡುವೆ ಇಟ್ಟಳು. ಚಿಕ್ಕವರಿದ್ದಾಗ ಹೆಣ್ಣುಮಕ್ಕಳೆಲ್ಲ ಉಣ್ಣುತ್ತಿದ್ದದ್ದು ಹಾಗೆಯೇ, ಒಂದೇ ಬೋಗುಣಿಯಲ್ಲಿ, ಒಬ್ಬಳ ಚಮಚ ಇನ್ನೊಬ್ಬಳ ಗಡಿ ದಾಟಿತೆಂದು ಜಗಳವಾಡುತ್ತ. ಕೊನೆಗೆ ಅಮ್ಮ ಕಪಾಟು ತೆರೆದು, ಹೂವಿನ ಅಂಚಿನ ಪಿಂಗಾಣಿ ತಟ್ಟೆ ತೆಗೆದು, ಒರೆಸಿ, ಒಳ್ಳೆಯ ತುಂಡುಗಳನ್ನೇ ಆರಿಸಿ ಬಡಿಸಿ, ಫೋರ್ಕು ಚಾಕು ಇಟ್ಟು, ಮೇಜಿನ ತಲೆಯಲ್ಲಿದ್ದ ಕುರ್ಚಿಯ ಮುಂದೆ ಇಟ್ಟಳು. ಪಾದ್ರಿ ಬಂದಾಗ, ಬೀಗರು ಬಂದಾಗ ಹೊರಬರುವ ತಟ್ಟೆ ಅದು. "ಕೂತ್ಕೊಳ್ಳಿ," ಎಂಬಂತೆ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆಳೆದಳು.

ಪುಮ್ಲಾ ಕುರ್ಚಿಯ ಪಕ್ಕ ನಿಂತು ತಟ್ಟೆಯನ್ನು ನೋಡಿದಳು. ಯಾರೂ ಅವಳಿಗೆ ಇಷ್ಟು ಚೆನ್ನಾಗಿ ಬಡಿಸಿ ಎಷ್ಟೋ ವರ್ಷವಾಗಿತ್ತು. ಅದೇ ನೋವಾಗಿ ಎದೆಗೆ ನಾಟಿತು. ಚಾಪೆಯ ಮೇಲೆ ಮೂವರೂ ಚಮಚ ಎತ್ತದೆ ಕಾಯುತ್ತಿದ್ದರು. ಅವಳು ತಟ್ಟೆಯನ್ನು ಎತ್ತಿಕೊಂಡು ಹೋಗಿ, ಮಂಡಿಯೂರಿ, ಅದರಲ್ಲಿದ್ದದ್ದನ್ನೆಲ್ಲ ಬೋಗುಣಿಗೆ ಸುರಿದಳು. ಸಾರು ಚಾಪೆಯ ಮೇಲೆ ಚೆಲ್ಲಿತು. ಸಿನಾಝೊ ಸರಿದು ಜಾಗ ಕೊಟ್ಟಳು, ನೋಂಬೆಕೊ ತನ್ನ ಚಮಚವನ್ನೇ ಅವಳ ಕೈಗಿಟ್ಟು ತಾನು ಕೈಯಿಂದ ತಿನ್ನತೊಡಗಿದಳು.

ಅಮ್ಮ ಒಲೆಯ ಬಳಿ ಬೆನ್ನು ಮಾಡಿ ನಿಂತೇ ಇದ್ದಳು. ಅವರು ಅರ್ಧ ಉಂಡ ಮೇಲೆ, ತಿರುಗದೆಯೇ ಅಂದಳು:

"ಆ ತಟ್ಟೆ ತೊಳೆದು ಕಪಾಟಲ್ಲಿಡು. ಒಡೀಬೇಡ. ನಿನ್ನ ಕೈ ಮೊದಲಿಂದಾನೂ ಸರಿ ಇಲ್ಲ."

ಪುಮ್ಲಾ ಬಾಯಿ ತುಂಬ ಅನ್ನ ಇಟ್ಟುಕೊಂಡೇ, "ಉಂಡು ತೊಳೀತೀನಿ," ಎಂದಳು.